ಹುಳ ಹಣ್ಣಾದ ಸುದ್ದಿ

ನಮ್ಮ ಕದಿರೇಶನಿಗೆ ಊಟ ಬಡಿಸುವುದೆಂದರೆ ನನಗೆ ತಲೆನೋವು. ಬೇರೆಯವರಾದರೆ ಇನ್ನೊಂದು ಮುದ್ದೆ ಹಾಕು ಅನ್ನುತ್ತಾರೆ, ಇಲ್ಲವೇ ತಟ್ಟೆಗೆ ಕೈ ಅಡ್ಡ ಹಿಡಿದು ಸಾಕು ಅನ್ನುತ್ತಾರೆ. ಇವನದು ಎರಡೂ ಇಲ್ಲ. ಮುದ್ದೆ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಸಾರಿನಲ್ಲಿ ಬೆರಳಾಡಿಸುತ್ತಾ ಕೂತಿರುತ್ತಾನೆ. ನಾನು ನೋಡಿ ಹಾಕಿದರೆ ತಿನ್ನುತ್ತಾನೆ. ನೋಡದೆ ಹೋದರೆ ಕೈ ತೊಳೆದುಕೊಂಡು ಎದ್ದು ಹೋಗುತ್ತಾನೆ. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ, ಪಾಪ ಹುಡುಗನಿಗೆ ಹೊಟ್ಟೆ ಚಿಕ್ಕದು ಅಂದುಕೊಂಡಿದ್ದೆ. ಅತ್ತೆ ರಾಮಲಕ್ಷ್ಮಮ್ಮನವರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಅನಿತಾ, ಅವ್ನು ಕೇಳಲ್ಲ ಕಣಮ್ಮ. ಹಸ್ಕೊಂಡೇ ಎದ್ದೋಗ್ತಾನೆ, ಬಾಯಿ ಬಿಟ್ಟು ಮಾತ್ರ ಕೇಳಲ್ಲ. ನೀನೇ ನೋಡ್ಕೊಂಡು ಹಾಕ್ಬೇಕು" ಅಂದರು. ಅವತ್ತಿನಿಂದ ಅವನ ತಟ್ಟೆಯ ಮೇಲೆ ನನ್ನದೊಂದು ಕಣ್ಣು ಇದ್ದೇ ಇದೆ.

ಕದಿರೇಶ ನನ್ನ ಮೈದುನ, ನನ್ನ ಯಜಮಾನರು ಮುರಳಿಮೋಹನ್‌ಗೆ ಒಬ್ಬನೇ ತಮ್ಮ. ಐಟಿಐ ಮುಗಿಸಿ ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಕೆಲಸಕ್ಕೆ ಸೇರಿದ್ದಾನೆ. ಕಂಪನಿ ಬಸ್ಸು ಅವನನ್ನು ರಸ್ತೆಯ ತಿರುವಿನಲ್ಲಿ ಇಳಿಸುತ್ತದೆ. ಜೋರು ಮಳೆ ಬರುತ್ತಿದ್ದರೂ, ಒಂಚೂರು ಮುಂದೆ ಆ ಶೆಡ್ ಹತ್ತಿರ ನಿಲ್ಲಿಸಿ ಅಂತ ಡ್ರೈವರನ್ನು ಕೇಳಿದವನಲ್ಲ. ನೆನೆದುಕೊಂಡು ಬಂದು ಬಾಗಿಲಲ್ಲಿ ನಿಂತು ನಗುತ್ತಾನೆ. ನಾನು ಮುಳಬಾಗಿಲ ಕಡೆಯವಳು, ನಮ್ಮೂರಿಂದ ಕುರುಡುಮಲೆ ಗಣಪನ ಗುಡಿ ಹತ್ತಿರ. ನಮ್ಮ ಕಡೆಯವರಿಗೆ ಬಾಯಿ ಜೋರು ಅಂತ ಈ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಇಂಥ ಮೂಕದೇವರ ಜತೆ ಬಾಳಬೇಕಾದರೆ ಮನೆಗೊಂದು ಜೋರುಬಾಯಿಯಾದರೂ ಬೇಡವೇ?

ಅವನ ಬುದ್ಧಿ ಎಂಥದು ಅಂತ ತಿಳಿಯಬೇಕಾದರೆ ನಮ್ಮ ಹುಳುಮನೆಯ ಸ್ವಿಚ್ ಬೋರ್ಡಿನ ಕಥೆ ಕೇಳಬೇಕು. ನಮ್ಮದು ಲಕ್ಕೂರಿನಿಂದ ಒಳಗಿರುವ ಊರು. ರಾಗಿ, ತರಕಾರಿ, ಹಿಪ್ಪುನೇರಳೆ ಬೆಳೆಯುತ್ತೇವೆ. ಮನೆಯ ಹಿಂದೆ ರೇಷ್ಮೆ ಹುಳ ಸಾಕುವ ಹುಳುಮನೆ ಇದೆ. ಅದರ ವೈರಿಂಗನ್ನು ನನ್ನ ಮಾವ, ತೀರಿಹೋದ ದೊಡ್ಡಮುನಿಯಪ್ಪನವರು, ತಮ್ಮ ಕೈಯಾರೆ ಮಾಡಿದ್ದರಂತೆ. ಬೇಕೆನಿಸಿದಾಗಲೆಲ್ಲ ಒಂದೊಂದು ಸ್ವಿಚ್ಚು ಸೇರಿಸುತ್ತಾ ಹೋಗಿ ಕೊನೆಗೆ ಬೋರ್ಡು ಅರ್ಧ ಗೋಡೆಗೆ ಹರಡಿಕೊಂಡಿತ್ತು. ಯಾವುದನ್ನು ಒತ್ತಿದರೆ ಯಾವುದು ಹತ್ತುತ್ತದೆ ಅನ್ನುವುದು ಅವರಿಗೂ ಅತ್ತೆಗೂ ಮಾತ್ರ ಗೊತ್ತಿತ್ತು. ಇನ್ನೂ ಚೆಂದ ಏನೆಂದರೆ, ಕೆಲವನ್ನು ಹಾಕುವ ಮುಂಚೆ ಬೇರೆ ಕೆಲವನ್ನು ಆರಿಸಿರಬೇಕು. ಇಲ್ಲದಿದ್ದರೆ ಫ್ಯೂಸ್ ಹೋಗಿ ಹುಳಕ್ಕೂ ಕತ್ತಲು, ಮನೆಗೂ ಕತ್ತಲು.

ಐಟಿಐ ಓದುವಾಗ ಒಂದು ರಜೆಯಲ್ಲಿ ಕದಿರೇಶ ಆ ಬೋರ್ಡನ್ನು ಪೂರ್ತಿ ಬಿಚ್ಚಿ ಹೊಸದು ಮಾಡಿದ. ದೀಪಕ್ಕೊಂದು, ಫ್ಯಾನಿಗೊಂದು ಅಂತ ಸ್ವಿಚ್ಚು ಇಡಲಿಲ್ಲ. ಹುಳುಮನೆಯ ಕೆಲಸಕ್ಕೆ ತಕ್ಕ ಹಾಗೆ ಇಟ್ಟ. ಸೊಪ್ಪು ಹಾಕುವಾಗ ಒಂದು ಸ್ವಿಚ್ಚು. ಹುಳ ಪೊರೆ ಬಿಡುವ ಹೊತ್ತನ್ನು ನಮ್ಮಲ್ಲಿ ಜ್ವರ ಅನ್ನುತ್ತಾರೆ, ಆ ಜ್ವರದ ಹೊತ್ತಿಗೆ ಒಂದು. ಗೂಡು ಕಟ್ಟುವಾಗ ಒಂದು. ಅದನ್ನು ಒತ್ತಿದರೆ ಸಾಕು, ಆ ಕೆಲಸಕ್ಕೆ ಬೇಕಾದ ದೀಪ, ಫ್ಯಾನು, ಹೀಟರು ತಾವೇ ಹತ್ತುತ್ತವೆ, ಬೇಡದ್ದು ಆರುತ್ತವೆ. ಊರವರೆಲ್ಲ ಬಂದು ನೋಡಿಕೊಂಡು ಹೋದರು. ಆದರೆ ಒಂದು ಎಡವಟ್ಟಾಗಿತ್ತು. ಹಳೇ ಬೋರ್ಡಿನ ಮೂಲೆಯಲ್ಲಿ ಒಂದು ಸ್ವಿಚ್ಚು ಎಷ್ಟು ಒತ್ತಿದರೂ ಏನೂ ಹತ್ತುತ್ತಿರಲಿಲ್ಲ. ಇದು ದಂಡಕ್ಕಿದೆ ಅಂತ ಅದರ ವೈರನ್ನು ಇವನು ಕತ್ತರಿಸಿ ಎಸೆದಿದ್ದ. ಅದು ಹಸುವಿನ ಕೊಟ್ಟಿಗೆಯ ಬಲ್ಬಿನದು. ಬಲ್ಬು ಸುಟ್ಟುಹೋಗಿತ್ತು ಅಷ್ಟೆ. ಅತ್ತೆ ಹೊಸ ಬಲ್ಬು ತಂದು ಹಾಕಿ, ಹತ್ತದೆ, ಕತ್ತಲಲ್ಲಿ ಹಾಲು ಕರೆಯಲು ಹೋಗಿ ಹಸುವಿನಿಂದ ಒದೆಸಿಕೊಂಡರು. ಇವತ್ತಿಗೂ ನಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ದಂಡ ಅಂತ ಎಸೆಯಲು ಹೋದರೆ, "ಕೊಟ್ಟಿಗೆ ಬಲ್ಬು ಜ್ಞಾಪ್ಕ ಇರ್ಲಿ" ಅನ್ನುತ್ತೇವೆ.

ಇಷ್ಟು ಗೊತ್ತಾದ ಮೇಲೆ ಅವನ ದೊಡ್ಡ ಹುಚ್ಚನ್ನು ಹೇಳುವುದು ಸುಲಭ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬೆಂಗಳೂರಿನ ಯಾವುದೋ ಕಂಪನಿ ತನ್ನ ಹಳೇ ಕಂಪ್ಯೂಟರುಗಳನ್ನು ನಮ್ಮ ಶಾಲೆಗೆ ದಾನ ಮಾಡಿತು. ಹೆಡ್‌ಮಾಸ್ಟರ್ ರಾಮಚಂದ್ರಪ್ಪನವರು ಅವಕ್ಕೆ ಕುಂಕುಮ ಇಟ್ಟು, ಬಟ್ಟೆ ಹೊದಿಸಿ, ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ನಾನು ಜಗಳ ಮಾಡಿ ಬೀಗ ತೆಗೆಸಿ, ವಾರದ ರಜೆಯಲ್ಲಿ ಕದಿರೇಶನನ್ನು ಕರೆದುಕೊಂಡು ಹೋದೆ. ಮಕ್ಕಳಿಗೆ ಬೇಕಾದದ್ದು ಒಂದೇ, ಆಟ. ಮೊಬೈಲಿನಲ್ಲಿ ಆಡಿ ಆಡಿ ಸಾಕಾಗಿತ್ತು. ತಾವೇ ಒಂದು ಆಟ ಮಾಡಬೇಕು, ಮಾವಿನ ತೋಪಿನಲ್ಲಿ ಕೋತಿ ಕಾವಲುಗಾರನ ಕಣ್ಣು ತಪ್ಪಿಸಿ ಹಣ್ಣು ಕದಿಯಬೇಕು, ಅಂಥದ್ದು.

ಆಟ ಕಟ್ಟುವುದಕ್ಕೆ ಒಂದು ದೊಡ್ಡ ತಂತ್ರಾಂಶ ಬೇಕು, ಅದಕ್ಕೆ ಗೇಮ್ ಎಂಜಿನ್ ಅನ್ನುತ್ತಾರಂತೆ. ಇವನು ಹುಡುಕಿ ತಂದದ್ದು ಯಾರ ಸ್ವತ್ತೂ ಅಲ್ಲದ ಒಂದು ಎಂಜಿನ್. ದೇಶದೇಶಗಳಲ್ಲಿ ಕೂತ ಜನ ಬಿಡುವಿನಲ್ಲಿ ಅದನ್ನು ಬೆಳೆಸುತ್ತಾರೆ, ಅದರ ಒಳಬರಹವನ್ನು, ಅಂದರೆ ಕೋಡನ್ನು, ಯಾರು ಬೇಕಾದರೂ ತೆಗೆದು ನೋಡಬಹುದು, ತಿದ್ದಿ ಕೊಡಬಹುದು. ತೊಂದರೆ ಏನೆಂದರೆ, ಅದು ನಮ್ಮ ಶಾಲೆಯ ಮುದಿ ಕಂಪ್ಯೂಟರುಗಳಿಗೆ ಹೊರಲಾರದ ಭಾರ. ತೆರೆದರೆ ಪರದೆ ಹಾಗೇ ಕಲ್ಲಾಗುತ್ತಿತ್ತು. ಆದರೆ ಒಳಬರಹದಿಂದ ನಾವೇ ನಮ್ಮ ಅಳತೆಗೆ ಒಂದು ಸಣ್ಣ ಎಂಜಿನ್ ಕಟ್ಟಿಕೊಳ್ಳಬಹುದು. ಕಟ್ಟುವ ಮೊದಲು ಏನೇನು ಬೇಕು, ಏನೇನು ಬೇಡ ಅಂತ ಹೇಳಬೇಕು. ಹಾಗೆ ಹೇಳುವ ಆಯ್ಕೆಗಳು ನೂರಾರು. ಕೆಲವು ಹೌದು ಅಂದರೆ ಇನ್ನು ಕೆಲವು ಬೇಡ ಅನ್ನಲೇಬೇಕು. ಒಂದು ತಪ್ಪಿದರೆ, ಗಂಟೆಗಟ್ಟಲೆ ಕಟ್ಟಿದ್ದು ಕೊನೆಯಲ್ಲಿ ಕೆಂಪು ಅಕ್ಷರ ತೋರಿಸಿ ನಿಂತುಬಿಡುತ್ತದೆ. ಕದಿರೇಶ ಮೊದಲ ಸಲ ಅದನ್ನು ನೋಡಿದಾಗ ನಗುತ್ತಾ, "ಅತ್ತಿಗೆ, ನಮ್ಮಪ್ಪನ ಬೋರ್ಡು" ಅಂದ.

ಕೂತು ಕೂತು ನಮ್ಮ ಶಾಲೆಗೆ ಒಂದು ಹಗುರ ಎಂಜಿನ್ ಕಟ್ಟಿಕೊಟ್ಟ. ಕೋತಿ ಮಾವಿನ ಹಣ್ಣು ಕದಿಯಿತು, ಮಕ್ಕಳು ಕುಣಿದರು, ರಾಮಚಂದ್ರಪ್ಪನವರು ತಾವೇ ಎರಡು ಸಲ ಆಡಿ ಕಾವಲುಗಾರನ ಕೈಗೆ ಸಿಕ್ಕಿಬಿದ್ದರು. ನನ್ನ ಜತೆ ಬಿಎಡ್ ಮಾಡಿದ ಶಾಮಲಮ್ಮ ಶ್ರೀನಿವಾಸಪುರದ ಕಡೆ ಟೀಚರು. ಅವಳಿಗೆ ಈ ಸುದ್ದಿ ಮುಟ್ಟಿ, ನಮ್ಮ ಶಾಲೆಗೂ ಬೇಕು ಅಂದಳು. ಅವಳ ಶಾಲೆಯ ಕಂಪ್ಯೂಟರುಗಳು ಬೇರೆ ತರದವು, ಇದೇ ಎಂಜಿನ್ ಅಲ್ಲಿ ಕೂರಲಿಲ್ಲ. ಒಂದು ಭಾನುವಾರ ಪೂರ್ತಿ ಇವನು ಫೋನಿನಲ್ಲಿ, "ಮೇಡಂ, ಅದು ಬೇಡ ಅನ್ನಿ. ಅಲ್ಲ ಮೇಡಂ, ಅದರ ಕೆಳಗಿನ್ದು" ಅನ್ನುತ್ತಾ ಹಿತ್ತಲು ಸುತ್ತಿದ. ಸಂಜೆಗೆ ಕೆಂಪು ಅಕ್ಷರ ಬಂತು. ಶಾಮಲಮ್ಮ ಬೇಜಾರು ಮಾಡಿಕೊಂಡು, "ಹೋಗ್ಲಿ ಬಿಡಪ್ಪ, ನಮ್ ಮಕ್ಕಳ ಹಣೇಲಿ ಬರ್ದಿಲ್ಲ" ಅಂದಳು. ಇವನು ಊಟಕ್ಕೆ ಕೂತರೂ ಅದೇ ಯೋಚನೆ. "ಅವ್ರಿಗೆ ಅಷ್ಟೆಲ್ಲ ಯಾಕೆ ಗೊತ್ತಿರ್ಬೇಕು ಅತ್ತಿಗೆ? ಎಂಥ ಆಟ, ಎಂಥ ಮಿಷನ್ನು, ಇಷ್ಟು ಹೇಳಿದ್ರೆ ಸಾಕು. ಮಿಕ್ಕಿದ್ದು ಅದೇ ನೋಡ್ಕೊಬೇಕು."

ಹಾಗೆ ಶುರುವಾಯಿತು. ಹುಳುಮನೆಗೆ ಮಾಡಿದ್ದನ್ನೇ ಅವನು ಆ ಎಂಜಿನ್‌ಗೆ ಮಾಡತೊಡಗಿದ. ನೂರಾರು ಆಯ್ಕೆಗಳನ್ನು ಕೆಲಸಕ್ಕೆ ತಕ್ಕಂತೆ ಗುಂಪು ಮಾಡಿ, ಒಂದು ಗುಂಪಿನ ಹೆಸರು ಹೇಳಿದರೆ ಅದರೊಳಗಿನ ಹೌದು ಬೇಡಗಳೆಲ್ಲ ತಾವೇ ಸರಿಹೋಗುವ ಹಾಗೆ ಬರೆದ. ಬರೆದದ್ದನ್ನು ಆ ಎಂಜಿನ್‌ನವರ ಜಾಲತಾಣದಲ್ಲಿ ಇಟ್ಟ. ಅಲ್ಲಿ ಯಾರಾದರೂ ಅನುಭವಸ್ಥರು ನೋಡಿ, ಪರೀಕ್ಷೆ ಮಾಡಿ, ಒಪ್ಪಿದರೆ ಮುಂದಿನ ಆವೃತ್ತಿಯಲ್ಲಿ ಅದು ಸೇರುತ್ತದೆ. ಆಮೇಲೆ ಶಾಮಲಮ್ಮನಂಥ ಯಾವ ಊರಿನ ಯಾವ ಟೀಚರಾದರೂ ಕದಿರೇಶನ ಫೋನಿಗೆ ಕಾಯದೆ ತಮ್ಮ ಶಾಲೆಗೆ ತಾವೇ ಕಟ್ಟಿಕೊಳ್ಳಬಹುದು. ಒಪ್ಪದಿದ್ದರೆ ಎಲ್ಲ ವ್ಯರ್ಥ. ಹೊಸ ಆವೃತ್ತಿ ಬಂದಾಗಲೆಲ್ಲ ಇವನು ಮತ್ತೆ ಮೊದಲಿನಿಂದ ಕೈಯಲ್ಲೇ ಎಲ್ಲ ಮಾಡಬೇಕು, ಅದೂ ನಮ್ಮ ಒಂದೇ ಶಾಲೆಗೆ.

ಯಾರೂ ನೋಡಲಿಲ್ಲ.

ಮಳೆಗಾಲ ಹೋಯಿತು, ಯಾರೂ ನೋಡಲಿಲ್ಲ. ದಿನವೂ ಬಸ್ಸಿಳಿದು ಬಂದವನೇ ಕಾಲು ತೊಳೆದು ಮೊಬೈಲ್ ತೆಗೆದು ನೋಡುವನು, ಜೇಬಿಗಿಡುವನು. ಅದಕ್ಕಿಂತ ನನಗೆ ಉರಿದದ್ದು ಬೇರೆ. ತನ್ನದನ್ನು ಯಾರೂ ಮೂಸಿ ನೋಡದಿದ್ದರೂ, ಇವನು ಮಾತ್ರ ವಾರದ ರಜೆಯೆಲ್ಲ ಅವರ ಕೆಲಸ ಮಾಡಿಕೊಡುತ್ತಿದ್ದ. ಅವರಲ್ಲಿ ಯಾರೋ ಏನೋ ಬದಲಾಯಿಸಿದರೆ, ಅದು ಹಳೇ ಕಂಪ್ಯೂಟರಿನಲ್ಲಿ ನಡೆಯುತ್ತದೋ ಇಲ್ಲವೋ ಅಂತ ನಮ್ಮ ಶಾಲೆಯಲ್ಲಿ ಕಟ್ಟಿ ನೋಡಿ ಹೇಳುವುದು. ಪೋರ್ಚುಗಲ್ಲಿನ ಒಬ್ಬ ಹೆಂಗಸಂತೂ ಪ್ರತಿ ಸಲ ಇವನಿಗೆ ಧನ್ಯವಾದ ಬರೆಯುತ್ತಿದ್ದಳು. ಬರೀ ಧನ್ಯವಾದ!

"ಏನಯ್ಯಾ ಇದು ಬಿಟ್ಟಿ ಚಾಕರಿ?" ಅಂದೆ ಒಂದು ದಿನ. "ನಿನ್ ಕೆಲ್ಸ ಮೂಲೇಲಿ ಕೊಳೀತಿದೆ. ಅವಳ್ದೆಲ್ಲ ಮಾಡ್ಕೊಡ್ತೀಯ. ನಂದೂ ನೋಡಮ್ಮ ಅಂತ ಒಂದ್ ಮಾತು ಕೇಳಕ್ಕೇನು?"

"ಮುಯ್ಯಿ ಅತ್ತಿಗೆ" ಅಂದ. "ಅವ್ರ ಕೆಲ್ಸಕ್ಕೆ ನಾನು ಹೋಗಿದೀನಿ. ನನ್ ಕೆಲ್ಸಕ್ಕೆ ಅವ್ರು ಬರ್ತಾರೆ. ಮುಯ್ಯೀನ ಯಾರಾದ್ರೂ ಬಾಯ್ಬಿಟ್ಟು ಕೇಳ್ತಾರಾ?"

ಇವನ ಮಾತು ಪೂರ್ತಿ ತಪ್ಪು ಅನ್ನುವ ಹಾಗಿರಲಿಲ್ಲ. ನಮ್ಮ ಕಡೆ ಹಾಗೇ ಇದೆ. ರೇಷ್ಮೆ ಹುಳ ಹಣ್ಣಾಯಿತು ಅಂದರೆ, ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕಿತು ಅಂದರೆ, ಅದು ಯಾರಿಗೂ ಕಾಯುವುದಿಲ್ಲ. ಆ ಹೊತ್ತಿಗೆ ಮನೆ ತುಂಬ ಕೈಗಳು ಬೇಕು. ಒಂದೊಂದೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು. ಕೂಲಿ ಇಲ್ಲ, ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಬಾ ಅಂತ ಕೇಳಿಸಿಕೊಂಡು ಬರುವುದು ಬಂದವನಿಗೂ ಅವಮಾನ, ಕೇಳಿದವನಿಗೂ ಅವಮಾನ. ಆದರೆ ಪೋರ್ಚುಗಲ್ಲಿಗೂ ಲಕ್ಕೂರಿಗೂ ಯಾವ ಮುಯ್ಯಿ? ನಾನು ತಲೆ ಚಚ್ಚಿಕೊಂಡೆ.

ಸಂಕ್ರಾಂತಿ ಹತ್ತಿರವಾದಾಗ ಆ ತಾಣದಿಂದ ಒಂದು ಸಂದೇಶ ಬಂತು. ಮನುಷ್ಯರು ಬರೆದದ್ದಲ್ಲ, ಯಂತ್ರವೇ ಎಲ್ಲರಿಗೂ ಕಳಿಸುವಂಥದ್ದು. ನಿಮ್ಮ ಕೆಲಸದಲ್ಲಿ ಬಹಳ ಕಾಲದಿಂದ ಏನೂ ನಡೆದಿಲ್ಲ, ಈ ತಿಂಗಳ ಕೊನೆಗೆ ಹೊಸ ಆವೃತ್ತಿಯ ಬಾಗಿಲು ಹಾಕುತ್ತೇವೆ, ಅಷ್ಟರೊಳಗೆ ಏನೂ ಆಗದಿದ್ದರೆ ಇದನ್ನು ಮುಚ್ಚಿಬಿಡುತ್ತೇವೆ ಅನ್ನುವ ಅರ್ಥ. ಕದಿರೇಶ ಅದನ್ನು ನನಗೆ ತೋರಿಸಿ, "ಬೇಡ ಅನ್ಸುತ್ತೆ ಅತ್ತಿಗೆ ಅವ್ರಿಗೆ. ಇಷ್ಟ ಇದ್ದಿದ್ರೆ ಬಂದಿರೋರು" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆ ವಾರ ಶಾಲೆಗೂ ಬರಲಿಲ್ಲ, ಲ್ಯಾಪ್‌ಟಾಪನ್ನು ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ. ಹುಟ್ಟಿದಾಗಿನಿಂದ ಇವನು ಯಾರ ಹತ್ತಿರವೂ ಏನೂ ಬೇಕು ಅಂದಿಲ್ಲ, ಬೇಕು ಅಂತ ಮನಸ್ಸಿನಲ್ಲಾದರೂ ಅಂದುಕೊಂಡದ್ದು ಇದೊಂದನ್ನೇ. ನಾನೇ ಇಂಗ್ಲಿಷಿನಲ್ಲಿ ಆ ಪೋರ್ಚುಗಲ್ಲಿನವಳಿಗೆ ಖಾರವಾಗಿ ಬರೆಯುತ್ತೇನೆ ಅಂದೆ. ಯಜಮಾನರು ಕೈ ಮುಗಿದು ತಡೆದರು.

ಅವನ ಮುಂದಿನ ರಜೆಯ ದಿನವೇ ನಮ್ಮ ಹುಳ ಹಣ್ಣಾಯಿತು. ಬೆಳಿಗ್ಗೆ ನಾನು ಕಾಫಿ ಕುಡಿದು ಹುಳುಮನೆಗೆ ಹೋಗುವಷ್ಟರಲ್ಲಿ ಜನ ಬಂದು ಕೆಲಸ ಹಿಡಿದಾಗಿತ್ತು. ಕೆಳಗಿನ ಬೀದಿಯ ಮುನಿಯಲ್ಲಮ್ಮ, ಅವರ ಸೊಸೆ ವಾಣಿಶ್ರೀ, ಇನ್ನೂ ಹತ್ತಿರದ ಮನೆಗಳವರು, ಎಲ್ಲರೂ ಕುಕ್ಕರಗಾಲಲ್ಲಿ ಕೂತು ಹುಳ ಆರಿಸುತ್ತಿದ್ದರು. ಕದಿರೇಶ ಗೂಡು ಕಟ್ಟುವ ಸ್ವಿಚ್ಚು ಒತ್ತಿ, ಚಂದ್ರಿಕೆ ಎತ್ತಿ ಎತ್ತಿ ಇಡುತ್ತಿದ್ದ. ಮುಖ ಮಾತ್ರ ಇನ್ನೂ ಸಪ್ಪೆ. ನನಗೆ ತಡೆಯಲಾಗಲಿಲ್ಲ.

"ನೋಡು, ಇವ್ರನ್ನೆಲ್ಲ ಒಂದ್ ಮಾತು ಕೇಳು, ನೀನ್ ಮಾಡಿದ್ದು ಸರೀನಾ ಅಂತ" ಅಂದು ಇಡೀ ಕಥೆಯನ್ನು ಎಲ್ಲರ ಮುಂದೆ ಹರಡಿದೆ. ಎಂಜಿನ್ ಯಾರಿಗೂ ಅರ್ಥವಾಗಲಿಲ್ಲ. ಇವನು ಮುಯ್ಯಿಗೆ ದುಡಿದ, ಅವರು ಬರಲಿಲ್ಲ ಅನ್ನುವುದು ಎಲ್ಲರಿಗೂ ಅರ್ಥವಾಯಿತು.

ಕದಿರೇಶ ಚಂದ್ರಿಕೆ ಹಿಡಿದುಕೊಂಡೇ ಹೇಳಿದ, "ಮತ್ತೆ ಇವ್ರೆಲ್ಲ ಬಂದಿಲ್ವಾ ಅತ್ತಿಗೆ? ಯಾರ್ ಕರೆದ್ರು ಇವ್ರನ್ನ? ಚಿಕ್ಕೋನಾಗಿದ್ದಾಗಿಂದ ನೋಡಿದೀನಿ, ನಾನ್ ಏಳೋ ಅಷ್ಟೊತ್ತಿಗೆ ಮನೆ ತುಂಬ ಜನ ಇರ್ತಾರೆ. ನಮ್ಮೂರಲ್ಲಿ ಕೇಳ್ದೇನೇ ಬರ್ತಾರೆ."

ಮುನಿಯಲ್ಲಮ್ಮ ಕೈಯಲ್ಲಿದ್ದ ಹುಳವನ್ನು ಮೆಲ್ಲಗೆ ತಟ್ಟೆಗೆ ಬಿಟ್ಟು, ಬಾಯಿಗೆ ಸೆರಗಿಟ್ಟುಕೊಂಡು ನಗತೊಡಗಿದರು. "ಅಯ್ಯೋ ನಾಯನಾ, ನಮ್ಗೇನ್ ಕನ್ಸು ಬೀಳ್ತದಾ ನಿಮ್ಮನೆ ಹುಳ ಹಣ್ಣಾಗವೆ ಅಂತ? ನಿಮ್ಮಮ್ಮ ಬೆಳಗಾಗೆದ್ದು ಹಾಲಿನ ಕ್ಯಾನು ಹಿಡ್ಕೊಂಡು ಡೈರಿಗೆ ಹೋಗೋವಾಗ ಮನೆ ಮನೆ ಬಾಗಿಲಲ್ಲೂ ಹೇಳೋಗ್ತಾಳೆ. ನೀನು ಮಲ್ಗಿರ್ತೀಯ."

ಕದಿರೇಶ ಅಮ್ಮನ ಕಡೆ ನೋಡಿದ.

"ಏಮಿರಾ, ನೀನು ಅವ್ರಿಗೆ ಹೇಳೇ ಇಲ್ವಾ?" ಅಂದರು ಅತ್ತೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಕೇಳ್ಬಾರ್ದು ಅಂತ ನೀನೇ ಹೇಳಿದ್ಯಲ್ಲಮ್ಮ."

"ಬನ್ನಿ ಅಂತ ಕೇಳ್ಬಾರ್ದು ಕಣೋ. ನಾನೂ ಯಾವತ್ತೂ ಬನ್ನಿ ಅಂದಿಲ್ಲ. ಹುಳ ಹಣ್ಣಾಗವೆ ಅಂತೀನಿ, ನನ್ ಪಾಡಿಗೆ ನಾನು ಡೈರಿಗೆ ಹೋಗ್ತೀನಿ. ಹೇಳೋದೂ ಬೇಡ ಅಂದ್ರೆ ಹೆಂಗೆ? ಪಾಪ ಅವ್ರು ದೂರದೂರಿನೋರು, ನಿನ್ ಹುಳ ಇನ್ನೂ ಸೊಪ್ಪು ತಿಂತಾ ಐತೋ, ಗೂಡಿಗೆ ಬಂದೈತೋ, ಅವ್ರಿಗೆ ಹೆಂಗ್ ತಿಳೀಬೇಕು?"

ಕದಿರೇಶ ಅಲ್ಲೇ ನಿಂತುಬಿಟ್ಟ. ಚಂದ್ರಿಕೆ ಅವನ ಕೈಯಿಂದ ವಾಣಿಶ್ರೀ ಇಸಿದುಕೊಂಡಳು. ಅವನ ಕಿವಿ ಕೆಂಪಾಗುವುದನ್ನು ನಾನು ನೋಡಿದೆ. ಆಮೇಲೆ ತಾನೇ ಬಾಯಿಬಿಟ್ಟ. ಆ ತಾಣದಲ್ಲಿ ಕೆಲಸ ಇಡುವಾಗ, ಇದು ಇನ್ನೂ ನಡೆಯುತ್ತಿದೆ ಅಂತ ಒಂದು ಗುರುತು ಹಾಕಬಹುದಂತೆ. ಮುಗಿದ ಮೇಲೆ ಅದನ್ನು ತೆಗೆದು, ನೋಡಲು ಸಿದ್ಧ ಅನ್ನುವ ಗುಂಡಿ ಒತ್ತಬೇಕಂತೆ. ಗುರುತು ಇರುವ ತನಕ ಯಾರೂ ಅದನ್ನು ಮುಟ್ಟುವುದಿಲ್ಲ, ಬರೆಯುವವನ ಕೆಲಸಕ್ಕೆ ಅಡ್ಡಿ ಮಾಡಬಾರದು ಅಂತ. ಇವನು ಮಳೆಗಾಲದಲ್ಲೇ ಕೆಲಸ ಮುಗಿಸಿದ್ದ. ಆದರೆ ಆ ಗುಂಡಿ ಒತ್ತಿದರೆ, ಎಲ್ಲಿ ಬನ್ನಿ ಬನ್ನಿ ಅಂತ ಜನರ ಸೆರಗು ಹಿಡಿದು ಎಳೆದ ಹಾಗಾಗುತ್ತದೋ ಅಂತ ನಾಚಿ ಒತ್ತಿರಲೇ ಇಲ್ಲ!

ನನಗೆ ನಗು ಬಂತು, ಅಳುವೂ ಬಂತು. ಇವನ ತಲೆಗೊಂದು ಮೊಟಕಿದೆ, ಅತ್ತಿಗೆ ಅನ್ನುವ ಹಕ್ಕಿನಿಂದ. ಆ ಪೋರ್ಚುಗಲ್ಲಿನವಳನ್ನು ಎಷ್ಟು ಬೈದಿದ್ದೆನೋ, ಅಷ್ಟನ್ನೂ ವಾಪಸ್ಸು ತೆಗೆದುಕೊಂಡೆ.

ಹುಳ ಪೂರ್ತಿ ಚಂದ್ರಿಕೆಗೆ ಏರಿದ ಮೇಲೆ ಅವನು ಜಗಲಿಯಲ್ಲಿ ಲ್ಯಾಪ್‌ಟಾಪು ತೆಗೆದು ಕೂತ. ಕೆಲಸಕ್ಕೆ ಬಂದವರೆಲ್ಲ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಾ ಸುತ್ತ ಕೂತಿದ್ದರು. ಗುಂಡಿ ಒತ್ತಿದ. ಕೆಳಗೆ ಒಂದೆರಡು ಸಾಲು ಬರೆಯಲು ಜಾಗವಿತ್ತು. ಏನು ಬರೀಲಿ ಅಂತ ನನ್ನ ಮುಖ ನೋಡಿದ. ನಿಮ್ಮಮ್ಮ ಹೇಳುವ ಹಾಗೇ ಬರಿ ಅಂದೆ. ಅವನು ತನಗೆ ಬರುವ ಇಂಗ್ಲಿಷಿನಲ್ಲಿ, ನಮ್ಮ ಮನೆಯ ರೇಷ್ಮೆ ಹುಳ ಹಣ್ಣಾಗಿದೆ ಅಂತ ಬರೆದ. ಆಮೇಲೆ ಯಾರಿಗೂ ಅರ್ಥವಾಗಲಿಕ್ಕಿಲ್ಲ ಅನಿಸಿ, ಅದರ ಕೆಳಗೆ, ಕೆಲಸ ಮುಗಿದಿದೆ, ಇಂತಿಂಥ ಹಳೇ ಯಂತ್ರಗಳಲ್ಲಿ ಕಟ್ಟಿ ನೋಡಿದ್ದೇನೆ ಅಂತಲೂ ಸೇರಿಸಿದ. ಮುನಿಯಲ್ಲಮ್ಮ ಪರದೆಯನ್ನು ಇಣುಕಿ, "ಬಂದ್ರಾ?" ಅಂದರು.

ಮಾರನೇ ದಿನದಿಂದ ಬಂದರು. ಮೊದಲು ಬಂದವಳು ಪೋರ್ಚುಗಲ್ಲಿನವಳೇ. ಇದಕ್ಕೇ ಕಾಯುತ್ತಿದ್ದೆ, ನೀನು ಇನ್ನೂ ಮುಗಿಸಿಲ್ಲ ಅಂದುಕೊಂಡು ತೊಂದರೆ ಕೊಡಲಿಲ್ಲ, ಅದಿರಲಿ ಹುಳ ಅಂದರೆ ಏನು ಅಂತ ಕೇಳಿದ್ದಳು. ಕದಿರೇಶ ಹುಳುಮನೆಯ ಫೋಟೋ ತೆಗೆದು ಕಳಿಸಿದ. ಚಂದ್ರಿಕೆಯ ತುಂಬ ಗೂಡು ಕಟ್ಟುತ್ತಿದ್ದ ಹುಳಗಳು, ಹಿಂದೆ ಗೋಡೆಯ ಮೇಲೆ ಅವನ ಸ್ವಿಚ್ ಬೋರ್ಡು. ಅವಳ ಹಿಂದೆ ಇನ್ನೂ ಕೆಲವರು ಬಂದರು. ಒಬ್ಬ ತನ್ನ ಹೊಸ ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದ, ಇನ್ನೊಬ್ಬ ಇವನ ಬರಹದಲ್ಲಿ ಸಣ್ಣಪುಟ್ಟ ತಪ್ಪು ತಿದ್ದಿದ. ಇವನು ಹಿಂದೆ ಯಾರ ಯಾರ ಕೆಲಸ ನೋಡಿಕೊಟ್ಟಿದ್ದನೋ, ಹೆಚ್ಚಿನಂಶ ಅವರೇ. ದಿನಾ ಬಸ್ಸಿಳಿದು ಬಂದು, ಇವತ್ತು ಯಾವ ದೇಶದವರು ಬಂದಿದ್ದರು ಅಂತ ಅತ್ತೆಗೆ ಒಪ್ಪಿಸುವುದು ಅವನ ಹೊಸ ಕೆಲಸವಾಯಿತು. "ಬಂದೋರಿಗೆ ಊಟ ಹಾಕಕ್ಕಾಗ್ದಲ್ಲ" ಅನ್ನುವುದೊಂದೇ ಅತ್ತೆಯ ಕೊರಗು.

ತಿಂಗಳ ಕೊನೆ ಇನ್ನೇನು ಬಂತು ಅನ್ನುವಾಗ ಎಲ್ಲ ಕೆಡುವ ಹಾಗಾಯಿತು. ಇಂಡೋನೇಷ್ಯಾದವನೊಬ್ಬ ಬರೆದ. ಯಾರೂ ಬಳಸುವುದಿಲ್ಲ ಅಂತ ಕದಿರೇಶ ತೆಗೆದುಹಾಕಿದ್ದ ಒಂದು ಆಯ್ಕೆಯನ್ನು ಅವನು ಬಳಸುತ್ತಾನಂತೆ. ಕೈಯಲ್ಲಿ ಹಿಡಿದು ಆಡುವ ಯಾವುದೋ ಹಳೇ ಕಾಲದ ಆಟದ ಸಾಧನ, ಈಗ ಅದನ್ನು ಯಾರೂ ಮಾಡುವುದೂ ಇಲ್ಲ, ಮಾರುವುದೂ ಇಲ್ಲ. ಅವನ ಊರಿನ ಮಕ್ಕಳ ಹತ್ತಿರ ಇರುವುದು ಅದೇ. ಈ ಬದಲಾವಣೆ ಸೇರಿದರೆ ನಮ್ಮ ಆಟಗಳೆಲ್ಲ ನಿಂತುಹೋಗುತ್ತವೆ, ದಯವಿಟ್ಟು ಸೇರಿಸಬೇಡಿ ಅಂತ ಬರೆದಿದ್ದ. ಒಬ್ಬನಿಗಾಗಿ ಇಷ್ಟು ಒಳ್ಳೇ ಕೆಲಸ ನಿಲ್ಲಿಸುವುದು ಬೇಡ ಅಂತ ಒಂದಿಬ್ಬರು ಕದಿರೇಶನ ಪರವಾಗಿ ಹೇಳಿದರು. ನಾನೂ ಹಾಗೇ ಅಂದೆ. ನನಗೆ ನಮ್ಮ ಹುಡುಗನದು ಗೆದ್ದರೆ ಸಾಕಾಗಿತ್ತು.

ಕದಿರೇಶ ನನ್ನನ್ನು ನೋಡಿ, "ಕೊಟ್ಟಿಗೆ ಬಲ್ಬು ಅತ್ತಿಗೆ" ಅಂದ, ಅಷ್ಟೆ. ಆ ವಾರ ಎರಡು ದಿನ ರಜೆ ಹಾಕಿ, ನಮ್ಮ ಶಾಲೆಯ ಕಂಪ್ಯೂಟರಿನ ಮುಂದೆ ಕೂತು, ಆ ಹಳೇ ಸಾಧನಕ್ಕೆಂದೇ ಒಂದು ಗುಂಪು ಮಾಡಿ ಸೇರಿಸಿದ. ರಾಮಚಂದ್ರಪ್ಪನವರು ಬೀಗದ ಕೈ ಹಿಡಿದುಕೊಂಡು ಬಾಗಿಲಲ್ಲೇ ಕಾದು, ಎರಡು ಸಲ ಟೀ ತರಿಸಿಕೊಟ್ಟರು. ಇಂಡೋನೇಷ್ಯಾದವನು ಕಟ್ಟಿ ನೋಡಿ, ನಮ್ಮ ಮಕ್ಕಳ ಆಟ ಓಡುತ್ತಿದೆ ಅಂತ ಬರೆದ. ಪೋರ್ಚುಗಲ್ಲಿನವಳು ಒಪ್ಪಿಗೆ ಒತ್ತಿದಳು. ಬಾಗಿಲು ಹಾಕುವ ಮುಂಚೆ ನಮ್ಮ ಕದಿರೇಶನ ಕೆಲಸ ಒಳಗೆ ಸೇರಿತು. ಹೊಸ ಆವೃತ್ತಿ ಹೊರಬಂದ ದಿನ ಶಾಮಲಮ್ಮ ಶ್ರೀನಿವಾಸಪುರದಿಂದ ಫೋನ್ ಮಾಡಿ, ಯಾರನ್ನೂ ಕೇಳದೆ ನಾನೇ ಕಟ್ಟಿಕೊಂಡೆ ಅಂತ ನನ್ನ ಕಿವಿ ಕಿತ್ತುಹೋಗುವ ಹಾಗೆ ಕೂಗಿದಳು. ಎಂಥ ಆಟ, ಎಂಥ ಮಿಷನ್ನು, ಎರಡೇ ಮಾತು ಬರೆದಿದ್ದಳಂತೆ.

ಒಪ್ಪಿಗೆ ಬಂದ ದಿನ ಸಂಜೆ ಅವನು ಬಸ್ಸಿಳಿದು ಬರುವಾಗಲೇ ನಗುತ್ತಿದ್ದ. ಸುದ್ದಿ ಹೇಳಿ ಅಮ್ಮನ ಕಾಲು ಮುಟ್ಟಿದ. ಅತ್ತೆ ಅವನ ಗಲ್ಲ ಸವರಿ, "ಅವ್ರ ಮನೆ ಹುಳ ಹಣ್ಣಾದಾಗ ಹೋಗ್ಬೇಕು ಕಣೋ, ಮರೀಬೇಡ" ಅಂದರು. ಊಟಕ್ಕೆ ಅವರೆಕಾಳು ಸಾರು, ಮುದ್ದೆ. ನನ್ನ ಯಜಮಾನರೂ ಅವನೂ ಜತೆಗೆ ಕೂತರು. ನಾನು ಬಡಿಸಿ ಒಳಗೆ ಹೋಗಿ, ಒಲೆಯ ಮೇಲಿಟ್ಟ ಹಾಲು ನೋಡುತ್ತಾ ನಿಂತೆ. ಅವನ ತಟ್ಟೆಯ ಮೇಲೆ ಕಣ್ಣಿಡುವುದನ್ನು ಅವತ್ತು ಮರೆತೇಬಿಟ್ಟಿದ್ದೆ.

ಹಿಂದಿನಿಂದ ದನಿ ಕೇಳಿತು.

"ಅತ್ತಿಗೆ, ಇನ್ನೊಂದರ್ಧ ಮುದ್ದೆ ಹಾಕ್ತೀರಾ?"

ನಾನು ಹಾಲಿನ ಕೆಳಗಿನ ಉರಿ ಆರಿಸಿ, ಅರ್ಧವಲ್ಲ, ಒಂದು ಪೂರ್ತಿ ಮುದ್ದೆ ತಂದು ಹಾಕಿದೆ.